ಎಲ್‌ಜಿ ವಿಂಗ್ 29,999ಕ್ಕೆ ಬರುತ್ತಿದೆ: ತಗೊಳ್ಳೋದಾ, ಸುಮ್ನಿರೋದಾ?

ಅಡಿಕೆಪಟ್ಟೆ | 11 ಏಪ್ರಿಲ್ 2021

ಎಲ್‌ಜಿಯವರು ಫೋನ್ ಮಾಡುವುದನ್ನೇ ನಿಲ್ಲಿಸುತ್ತೇವೆ ಎಂದು ಹೇಳಿ ಇನ್ನೂ ವಾರ ಆಗಿಲ್ಲ. ಅಷ್ಟರಲ್ಲೇ ಅವರ ತಿರುಗುವ ಫೋನ್ ವಿಂಗ್ ಫ್ಲಿಪ್‌ಕಾರ್ಟ್‌ನಲ್ಲಿ 13ನೇ ತಾರೀಕಿನಿಂದ 29,999 ರೂಪಾಯಿಗೆ ಸಿಗುತ್ತದೆ ಅಂತ ಸುದ್ದಿ. ಸರಿಯಾಗಿ ಯುಗಾದಿ ದಿನ. ಕಳೆದ ಅಕ್ಟೋಬರ್‌ನಲ್ಲಿ ಇಲ್ಲಿ ಬಿಟ್ಟಾಗ ಬೆಲೆ 69,990 ಇತ್ತು. ಇದರಲ್ಲಿ ಬೇವೆಷ್ಟು, ಬೆಲ್ಲವೆಷ್ಟು ಅಂತ ಗೊತ್ತಾಗುತ್ತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ನೋಡಿಲ್ಲದವರಿಗೆ: ಮೇಲ್ನೋಟಕ್ಕೆ ಮಾಮೂಲಿ ದೊಡ್ಡ ಫೋನ್. 6.8 ಇಂಚಿನ ಪರದೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಅದು ಗಡಿಯಾರದ ಮುಳ್ಳಿನಂತೆ ತಿರುಗಿ ಅಡ್ಡಲಾಗಿ ನಿಲ್ಲುತ್ತದೆ. ಅದರ ಅಡಿಯಲ್ಲಿ 3.9 ಇಂಚಿನ ಇನ್ನೊಂದು ಪರದೆ ಇರುತ್ತದೆ. ಒಟ್ಟಿಗೆ ನೋಡಿದರೆ ಇಂಗ್ಲಿಷಿನ ಟಿ ಅಕ್ಷರ.

ನನ್ನ ಕಥೆ ಇಷ್ಟೇ. ಸಾಗರದಲ್ಲಿದ್ದೇನೆ, ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಒಂದು ವರ್ಷದಿಂದ ಎಲ್ಲ ಆನ್‌ಲೈನ್. ಲ್ಯಾಪ್‌ಟಾಪ್ ಮಗಳ ಪಾಲಾಗಿದೆ. ಫೋನಿನಲ್ಲೇ ಸ್ಲೈಡ್ ತೋರಿಸುತ್ತಾ, ಅದರಲ್ಲೇ ಮಕ್ಕಳ ಪ್ರಶ್ನೆ ಓದುತ್ತಾ ಸಾಕಾಗಿದೆ. ಎರಡು ಪರದೆ ಇದ್ದರೆ ಅನುಕೂಲ ಅಲ್ವಾ ಅನ್ನೋದು ಆಸೆ. ಹೆಂಡತಿಯ ಪ್ರಕಾರ ಇದು ಅನುಕೂಲ ಅಲ್ಲ, ಚಪಲ.

ಗಿರ್ಮಿಟ್ | 11 ಏಪ್ರಿಲ್ 2021

ಮನೆಯವರ ಮಾತು ಕೇಳ್ರಿ ಸರ್. ಬ್ಯಾಡ್ರಿ.

ಇದರೊಳಗೆ ಇರುವ ಚಿಪ್ ಸ್ನ್ಯಾಪ್‌ಡ್ರಾಗನ್ 765ಜಿ. ಹೋದ ಜುಲೈನಲ್ಲಿ ಬಂದ ಒನ್‌ಪ್ಲಸ್ ನಾರ್ಡ್‌ನಲ್ಲಿರುವುದೂ ಅದೇ ಚಿಪ್. ಅದು 8 ಜಿಬಿ ರ‍್ಯಾಮ್, 128 ಜಿಬಿ ಜಾಗದೊಂದಿಗೆ 27,999ಕ್ಕೆ ಬಂತು. ನಾರ್ಡ್‌ನ ಪರದೆ 90 ಹರ್ಟ್ಸ್, ಅಂದರೆ ಸೆಕೆಂಡಿಗೆ 90 ಸಲ ಚಿತ್ರ ಬದಲಾಗ್ತದ, ಇದರದು 60. ಸ್ಪೀಕರ್ ಒಂದೇ. ಹೆಡ್‌ಫೋನ್ ಚುಚ್ಚುವ ತೂತು ಇಲ್ಲ. ಒಳ್ಳೆಯ ಹೆಡ್‌ಫೋನ್ ಸದ್ದಿಗೆ ಹೆಸರಾಗಿದ್ದ ಕಂಪನಿ ಅದನ್ನೇ ಕಿತ್ತು ಹಾಕಿ ಫ್ಲ್ಯಾಗ್‌ಶಿಪ್, ಅಂದರೆ ತನ್ನ ಮೇಲ್ದರ್ಜೆಯ ಫೋನ್, ಅಂತ ಬೆಲೆ ಕಟ್ಟಿತು. ಈಗ ಅಂಗಡಿಯ ಬಾಗಿಲೂ ಹಾಕುತ್ತಿದೆ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತಂಗ ಆಗ್ತದ.

ನಾಲ್ಕನೇ ಬ್ಲಾಕ್ | 12 ಏಪ್ರಿಲ್ 2021

ಗಿರ್ಮಿಟ್ ಅವರೇ, 69,990 ಇದ್ದಾಗ ನಾನೂ ಇದನ್ನೇ ಹೇಳಿದ್ದೆ. ಆದರೆ ನಿಮ್ಮ ಲೆಕ್ಕವನ್ನೇ ಹಿಡಿದು ನೋಡೋಣ. ಅದೇ ಚಿಪ್‌ನ ಫೋನಿಗೆ 27,999 ನ್ಯಾಯವಾದ ಬೆಲೆ ಅಂದರೆ, ಇಲ್ಲಿ ಎರಡು ಸಾವಿರ ಜಾಸ್ತಿ ಕೊಟ್ಟಿದ್ದಕ್ಕೆ ಏನೇನು ಬರುತ್ತದೆ? ಎರಡನೇ ಓಎಲ್ಇಡಿ ಪರದೆ, ವೈರ್ ಇಲ್ಲದ ಚಾರ್ಜಿಂಗ್, ಮೆಮೊರಿ ಕಾರ್ಡ್ ಹಾಕುವ ಜಾಗ, ತೂತು ಕೊರೆಯದ ಪೂರ್ತಿ ಪರದೆ. ಮುಂದಿನ ಕ್ಯಾಮೆರಾ ಮೇಲಿನಿಂದ ಎದ್ದು ಬರುತ್ತದೆ. ಫೋನ್ ಕೈಜಾರಿದರೆ ಅದು ಗೊತ್ತಾಗಿ ತಾನೇ ಒಳಗೆ ಹೋಗುತ್ತದೆ.

ಫ್ಲ್ಯಾಗ್‌ಶಿಪ್ ಅನ್ನುವ ಮಾತಿನ ಬಗ್ಗೆ ಒಂದು ತಕರಾರು ಇದೆ. ನಾವು ಆ ಪದವನ್ನು ಚಿಪ್‌ಗೆ ಕಟ್ಟಿ ಹಾಕಿದ್ದೇವೆ. ಅತಿ ವೇಗದ ಚಿಪ್ ಇದ್ದರೆ ಫ್ಲ್ಯಾಗ್‌ಶಿಪ್, ಇಲ್ಲದಿದ್ದರೆ ಅಲ್ಲ. ಆದರೆ ವಿಂಗ್‌ನಲ್ಲಿ ದುಡ್ಡು ಹೋಗಿರುವುದು ಚಿಪ್‌ಗಲ್ಲ, ಪರದೆ ತಿರುಗಿಸುವ ಕೀಲಿಗೆ. ಒಳಗೆ ಎರಡು ಸ್ಪ್ರಿಂಗ್, ಜೊತೆಗೆ ಒಂದು ಎಣ್ಣೆಯ ಡ್ಯಾಂಪರ್. ಪರದೆ ತಿರುಗಿ ಕೊನೆಗೆ ಬರುವಾಗ ಟಪ್ ಅಂತ ಬಡಿಯದೆ ಮೆಲ್ಲಗೆ ಕೂರುವುದು ಅದರಿಂದ. ಒಳ್ಳೆ ಅಡುಗೆಮನೆಯ ಡ್ರಾಯರ್ ತಳ್ಳಿದರೆ ಕೊನೆಯಲ್ಲಿ ನಿಧಾನ ಆಗುತ್ತದಲ್ಲ, ಹಾಗೆ. ಮೇಲಿನ ಪರದೆಯ ಬೆನ್ನಿಗೆ ಜಾರುವ ಪ್ಲಾಸ್ಟಿಕ್ ಪದರ ಇದೆ, ಕೆಳಗಿನ ಪರದೆಗೆ ಗೀರು ಬೀಳದಿರಲಿ ಅಂತ.

ಸ್ನೇಹಿತರೊಬ್ಬರ ವಿಂಗ್ ಅನ್ನು ನವೆಂಬರ್‌ನಲ್ಲಿ ಹತ್ತು ದಿನ ಇಟ್ಟುಕೊಂಡಿದ್ದೆ. ಮೊದಲ ದಿನ ಸುಮ್ನೆ ತಿರುಗಿಸುತ್ತಾ ಕೂತಿದ್ದೆ. ಮೂರನೇ ದಿನ ತಿರುಗಿಸುವುದನ್ನೇ ಮರೆತೆ. ಏಳನೇ ದಿನ ಮತ್ತೆ ತಿರುಗಿಸಿದೆ, ಆದರೆ ಈ ಸಲ ಕೆಲಸಕ್ಕೆ: ಮೇಲೆ ವಿಡಿಯೊ ಮೀಟಿಂಗ್, ಕೆಳಗೆ ಟಿಪ್ಪಣಿ. ಕೊಳ್ಳುವವರು ಆ ಏಳನೇ ದಿನ ತಮಗೆ ಬರುತ್ತದಾ ಅಂತ ಯೋಚಿಸಬೇಕು. ಅಡಿಕೆಪಟ್ಟೆಯವರಿಗೆ ಬರುತ್ತದೆ ಅನ್ನಿಸುತ್ತದೆ.

ಬೆಲ್ಲದಚ್ಚು | 12 ಏಪ್ರಿಲ್ 2021

ತೂಕ 260 ಗ್ರಾಂ ಅಂತ ಬರೆದಿದೆ. ಕಾಲು ಕೆಜಿ ಸಕ್ಕರೆ ಪೊಟ್ಟಣಕ್ಕಿಂತ ಹತ್ತು ಗ್ರಾಂ ಜಾಸ್ತಿ. ಮಲಗಿಕೊಂಡು ನೋಡುವವರು ಹೆಲ್ಮೆಟ್ ಹಾಕಿಕೊಂಡು ಮಲಗಿ.

ಕೀಲಿಗೆ ಎರಡು ಲಕ್ಷ ಸಲ ತಿರುಗಿಸುವ ಗ್ಯಾರಂಟಿ ಪರೀಕ್ಷೆ ಮಾಡಿದ್ದಾರಂತೆ. ದಿನಕ್ಕೆ ನೂರು ಸಲ ತಿರುಗಿಸಿದರೂ 2,000 ದಿನ, ಹತ್ತಿರತ್ತಿರ ಐದೂವರೆ ವರ್ಷ ಆಯಿತು. ಕಂಪನಿಗಿಂತ ಕೀಲೇ ಜಾಸ್ತಿ ಕಾಲ ಬಾಳುತ್ತೆ ಕಣಣ್ಣೋ.

ಸರ್ಕ್ಯೂಟ್ ಸೀನ | 12 ಏಪ್ರಿಲ್ 2021

ಬೆಂಗಳೂರಿನ ಎಸ್‌ಪಿ ರೋಡ್ ಕಡೆ ರಿಪೇರಿ ಕೆಲಸ ಮಾಡುತ್ತೇನೆ. ಕೀಲಿನ ಚಿಂತೆ ಬಿಡಿ, ಕಬ್ಬಿಣ ಅಷ್ಟು ಬೇಗ ಸಾಯಲ್ಲ. ಮೇಲಿನ ಪರದೆಗೂ ಕೆಳಗಿನ ಬೋರ್ಡಿಗೂ ನಡುವೆ ಹೋಗುವ ಫ್ಲೆಕ್ಸ್ ಪಟ್ಟಿಯನ್ನು, ಅಂದರೆ ಬಗ್ಗುವ ತೆಳು ವೈರ್ ಪಟ್ಟಿಯನ್ನು, ನೋಡಬೇಕು. ಜಾರಿಸಿ ತೆರೆಯುವ ಸ್ಲೈಡರ್ ಫೋನುಗಳ ಕಾಲದಲ್ಲಿ ನಮ್ಮ ಅರ್ಧ ಸಂಪಾದನೆ ಅದರಿಂದಲೇ ಬಂದದ್ದು. ಮುಚ್ಚಿ ತೆಗೆದು, ಮುಚ್ಚಿ ತೆಗೆದು ಪಟ್ಟಿ ಸವೆಯುತ್ತಿತ್ತು, ಪರದೆ ಬೆಳ್ಳಗಾಗುತ್ತಿತ್ತು. ಈಗಿನ ಪಟ್ಟಿಗಳು ಆಗಿನದಕ್ಕಿಂತ ಗಟ್ಟಿ, ನಿಜ. ಆದರೆ ಈ ಫೋನ್ ಕಡಿಮೆ ಮಾರಾಟ ಆಗಿದೆ. ಕಡಿಮೆ ಮಾರಾಟ ಆದ ಫೋನಿಗೆ ಹೊರಗಿನವರು ಪಾರ್ಟ್ಸ್ ಮಾಡಲ್ಲ. ಒಡೆದರೆ ಗಾಜು, ಪರದೆ ಸೇರಿದ ಕಾಂಬೋ ಸಿಗಲ್ಲ, ಇನ್ನೊಂದು ಸತ್ತ ವಿಂಗ್ ಹುಡುಕಬೇಕು. ತಗೊಳ್ಳೋದಾದರೆ ಒಡೆಯಲ್ಲ ಅಂತ ದೇವರ ಮೇಲೆ ಭಾರ ಹಾಕಿ ತಗೊಳ್ಳಿ.

ಗಿರ್ಮಿಟ್ | 12 ಏಪ್ರಿಲ್ 2021

ಇದನ್ನ ನಾನು ಹೇಳಿದ್ರ ಯಾರೂ ಕೇಳಲಿಲ್ಲ. ಸೀನಣ್ಣ ಹೇಳಿದ್ರಲ್ಲ, ಈಗ ಕೇಳ್ರಿ.

ನಾಲ್ಕನೇ ಬ್ಲಾಕ್ | 12 ಏಪ್ರಿಲ್ 2021

ಸೀನ ಅವರ ಮಾತು ಒಪ್ಪಿದೆ. ಅಪ್‌ಡೇಟ್ ವಿಷಯದಲ್ಲಿ ಮಾತ್ರ ಒಂದು ಸೇರಿಸುತ್ತೇನೆ. ಅಂಗಡಿ ಮುಚ್ಚುವುದನ್ನು ಹೇಳಿದ ಮೂರೇ ದಿನಕ್ಕೆ ಕಂಪನಿ ಇನ್ನೊಂದು ಹೇಳಿಕೆ ಕೊಟ್ಟಿದೆ. 2019 ಮತ್ತು ಆಮೇಲೆ ಬಂದ ದುಬಾರಿ ಫೋನುಗಳಿಗೆ, ಅಂದರೆ ಜಿ ಮತ್ತು ವಿ ಸಾಲು, ವೆಲ್ವೆಟ್, ವಿಂಗ್‌ಗೆ, ಕೊಂಡ ವರ್ಷದಿಂದ ಮೂರು ಆಂಡ್ರಾಯ್ಡ್ ಅಪ್‌ಡೇಟ್‌ವರೆಗೆ ಕೊಡುತ್ತೇವೆ ಅಂತ. ಬದುಕಿದ್ದಾಗ ಕೊಡದ ಮಾತನ್ನು ಹೋಗುವಾಗ ಕೊಟ್ಟಿದ್ದಾರೆ. ನಂಬೋದಾ ಬಿಡೋದಾ ನಿಮಗೆ ಬಿಟ್ಟದ್ದು.

ಮತ್ತೆ ಇದು ಮೊದಲ ಸಲವೇನಲ್ಲ. ಕಳೆದ ದಸರಾ ಸೇಲ್ ನೆನಪಿದೆಯಾ? ಅಂಟಿಸಿಕೊಳ್ಳುವ ಎರಡನೇ ಪರದೆ ಇದ್ದ ಜಿ8ಎಕ್ಸ್ 19,990ಕ್ಕೆ ಬಂದಿತ್ತು. ಮೊದಲು ಅದು 49,999 ಇತ್ತು. ಹನ್ನೆರಡು ಗಂಟೆಯಲ್ಲಿ 1.75 ಲಕ್ಷ ಫೋನ್ ಹೋಯಿತು ಅಂತ ಕಂಪನಿಯೇ ಹೇಳಿಕೊಂಡಿತ್ತು. ಜನರಿಗೆ ಎರಡು ಪರದೆ ಬೇಡ ಅಂತಲ್ಲ. ಎಪ್ಪತ್ತು ಸಾವಿರಕ್ಕೆ ಬೇಡ, ಅಷ್ಟೇ.

ಅಡಿಕೆಪಟ್ಟೆ | 13 ಏಪ್ರಿಲ್ 2021

ಬೇವು ಬೆಲ್ಲ ತಿಂದು ಆರ್ಡರ್ ಮಾಡಿದೆ. ಹೆಂಡತಿ ಬೆಲ್ಲ ಮಾತ್ರ ತಿಂದಳು.

ಚೆಂಡೆಮದ್ದಳೆ | 15 ಏಪ್ರಿಲ್ 2021

ಮಾಸ್ಟ್ರೇ, ಕೈಗೆ ಬಂದ ಮೇಲೆ ನನಗೊಂದು ಉಪಕಾರ ಮಾಡಿ. ಅದರಲ್ಲಿ ಕೈ ಅಲುಗಿದರೂ ವಿಡಿಯೊ ಅಲುಗದ ಗಿಂಬಲ್ ಕ್ಯಾಮೆರಾ ಅಂತ ಇದೆಯಲ್ಲ, ಅದು ನಿಜಕ್ಕೂ ಕೆಲಸ ಮಾಡುತ್ತದಾ ನೋಡಿ ಹೇಳಿ. ಉಳಿದದ್ದು ಯಾವುದೂ ನನಗೆ ಬೇಡ.

ಅಡಿಕೆಪಟ್ಟೆ | 4 ಸೆಪ್ಟೆಂಬರ್ 2021

ಕ್ಷಮಿಸಿ, ಇಷ್ಟು ದಿನ ಈ ಕಡೆ ಬರಲಾಗಲಿಲ್ಲ. ಏಪ್ರಿಲ್ ಕೊನೆಯಿಂದ ಊರಿನ ಪರಿಸ್ಥಿತಿ ನಿಮಗೆಲ್ಲ ಗೊತ್ತೇ ಇದೆ. ಫೋನ್ ಬಗ್ಗೆ ಬರೆಯುವ ಮನಸ್ಸೇ ಇರಲಿಲ್ಲ. ಈಗ ನಾಲ್ಕು ತಿಂಗಳು ದಿನಾ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಪಾಠಕ್ಕೆ ಇದು ಚೆನ್ನಾಗಿದೆ. ಮೇಲೆ ಸ್ಲೈಡು, ಕೆಳಗೆ ಮಕ್ಕಳ ವಾಟ್ಸಾಪ್ ಗುಂಪು. ಮೊದಲು ಯಾರೋ ‘ಸಾರ್ ವಾಯ್ಸ್ ಬರ್ತಿಲ್ಲ’ ಅಂತ ಹಾಕಿದ್ದು ನನಗೆ ಕಾಣುವಷ್ಟರಲ್ಲಿ ಒಂದು ಅಧ್ಯಾಯ ಮುಗಿದಿರುತ್ತಿತ್ತು. ಈಗ ಅಲ್ಲೇ ಕಣ್ಣ ಮುಂದೆ ಬರುತ್ತದೆ. ಎರಡು ಆ್ಯಪ್‌ಗಳನ್ನು ಜೋಡಿ ಮಾಡಿ ಇಟ್ಟರೆ ಒಂದೇ ಸಲ ಎರಡೂ ತೆರೆಯುತ್ತವೆ. ನನ್ನ ಬೆಳಗಿನ ಎಂಟು ಗಂಟೆಗೆ ಆ ಜೋಡಿ ಬೇಕೇ ಬೇಕು.

ಆದರೆ ಕೆಳಗಿನ ಪರದೆ ಹತ್ತಿರತ್ತಿರ ಚೌಕ. 1240 ಗೆ 1080. ಅದರಲ್ಲಿ ಓದುವುದು ಪರವಾಗಿಲ್ಲ, ಬರೆಯುವುದು ಕಷ್ಟ. ಕೀಬೋರ್ಡ್ ಎದ್ದು ಬಂದರೆ ಅರ್ಧಕ್ಕಿಂತ ಜಾಸ್ತಿ ಜಾಗ ಅದೇ ನುಂಗುತ್ತದೆ. ಅದರಲ್ಲೂ ಕನ್ನಡ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತಿಗೆ ಜಾಗ ಬೇಕು, ಸಾಲಿನ ಎತ್ತರ ಇಂಗ್ಲಿಷಿಗಿಂತ ಜಾಸ್ತಿ. ‘ಉಷ್ಣತೆ ಮತ್ತು ಶಕ್ತಿ’ ಅಂತ ಬರೆಯುವಷ್ಟರಲ್ಲಿ ಹಿಂದಿನ ಮಗು ಕೇಳಿದ ಪ್ರಶ್ನೆಯೇ ಮೇಲಕ್ಕೆ ಹೋಗಿ ಕಾಣೆಯಾಗಿರುತ್ತದೆ.

ಇನ್ನೊಂದು. ಮೇಲಿನ ಪರದೆ ಅಡ್ಡ ನಿಂತಿರುತ್ತದಲ್ಲ, ಎಷ್ಟೋ ಆ್ಯಪ್‌ಗಳಿಗೆ ಅಡ್ಡ ನಿಲ್ಲುವುದೇ ಗೊತ್ತಿಲ್ಲ. ನಡುವಿನಲ್ಲಿ ಒಂದು ಪಟ್ಟಿಯಂತೆ ನಿಂತು ಎಡಬಲ ಕಪ್ಪು ಬಿಡುತ್ತವೆ. ಬ್ಯಾಂಕಿನ ಆ್ಯಪ್‌ಗಳದಂತೂ ಕೇಳಬೇಡಿ. ಎಲ್‌ಜಿಯವರು ತಮ್ಮದೇ ಆ್ಯಪ್‌ಗಳನ್ನು ಚೆನ್ನಾಗಿ ಹೊಂದಿಸಿದ್ದಾರೆ. ಫೋಟೊ ತೆರೆದರೆ ಚಿತ್ರ ಮೇಲೆ, ಸಣ್ಣ ಸಣ್ಣ ಚಿತ್ರಗಳ ಸಾಲು ಕೆಳಗೆ. ಯೂಟ್ಯೂಬ್‌ಗೆ ನೇವರ್ ಕಂಪನಿಯ ವೇಲ್ ಅನ್ನುವ ಬ್ರೌಸರ್ ಹಾಕಿಕೊಟ್ಟಿದ್ದಾರೆ, ಅದರಲ್ಲಿ ನೋಡಿದರೆ ಮುಂದೆ ಹಿಂದೆ ಓಡಿಸುವ ಗುಂಡಿಗಳೆಲ್ಲ ಕೆಳಗಿನ ಪರದೆಗೆ ಇಳಿಯುತ್ತವೆ. ಮಗಳು ಆಸ್ಫಾಲ್ಟ್ 9 ಆಡುತ್ತಾಳೆ, ರಸ್ತೆಯ ನಕ್ಷೆ ಕೆಳಗೆ ಕಾಣುತ್ತದೆ. ಅಲ್ಲಿಗೆ ಪಟ್ಟಿ ಹೆಚ್ಚುಕಡಿಮೆ ಮುಗಿಯಿತು. ಉಳಿದ ಲೋಕ ಈ ಫೋನಿಗೆ ಎರಡನೇ ಪರದೆ ಇದೆ ಅನ್ನುವುದನ್ನೇ ಗಮನಿಸಿಲ್ಲ.

ಬ್ಯಾಟರಿ 4,000 ಎಂಎಎಚ್. ಮುಚ್ಚಿಟ್ಟು ಬಳಸಿದರೆ ದಿನ ಕಳೆಯುತ್ತದೆ. ಎರಡೂ ಪರದೆ ಉರಿಸಿ ನಾಲ್ಕು ಪಿರಿಯಡ್ ತೆಗೆದುಕೊಂಡ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಜರ್ ಬೇಕು.

ಅಂಗಿ ಜೇಬಿಗೆ ಹಾಕಬೇಡಿ. ಬಗ್ಗಿದರೆ ಜೇಬೇ ಮೊದಲು ಬಗ್ಗುತ್ತದೆ.

ಎಡಚ | 4 ಸೆಪ್ಟೆಂಬರ್ 2021

ಒಂದು ಸಣ್ಣ ಸಂತೋಷ ಹಂಚಿಕೊಳ್ಳುತ್ತೇನೆ. ನಾನೂ ಅದೇ ಸೇಲ್‌ನಲ್ಲಿ ತಗೊಂಡೆ. ಪರದೆ ತಿರುಗಬೇಕಾದರೆ ಎಡಗಡೆಯ ಅಂಚನ್ನು ಮೇಲಕ್ಕೆ ತಳ್ಳಬೇಕು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಸರಿಯಾಗಿ ಅಲ್ಲೇ ಇರುತ್ತದೆ. ಕತ್ತರಿ, ಡೆಸ್ಕು, ಬಾಗಿಲ ಚಿಲಕ ಎಲ್ಲ ಬಲಗೈಯವರಿಗೇ ಮಾಡಿಟ್ಟ ಲೋಕದಲ್ಲಿ ಒಂದು ವಸ್ತುವಾದರೂ ನನ್ನ ಕಡೆ ಇದೆ.

ಬೆಲ್ಲದಚ್ಚು | 5 ಸೆಪ್ಟೆಂಬರ್ 2021

ಪಾಪ, ಅದಕ್ಕೇ ಕಂಪನಿ ಮುಚ್ಚಿತು ಅನ್ಸುತ್ತೆ. ನೀವು ಹತ್ತರಲ್ಲಿ ಒಬ್ಬರು.

ಡಲ್ಲಾಸ್ ದೋಸೆ | 6 ಸೆಪ್ಟೆಂಬರ್ 2021

ಇಲ್ಲಿ ಅಮೆರಿಕದಲ್ಲಿ ವೆರೈಝನ್‌ನವರು ಇದನ್ನು ಹತ್ತಿರತ್ತಿರ ಸಾವಿರ ಡಾಲರಿಗೆ ಮಾರಿದ್ದರು. ನಮ್ಮ ಯಜಮಾನರು ನನ್ನನ್ನು ಕೇಳದೆ ತಂದರು. ಈಗ ಅದು ನನ್ನ ಕಾರಿನಲ್ಲಿದೆ. ಕಾರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಸ್ಟ್ಯಾಂಡ್ ಕೆಳಗಿನ ಭಾಗವನ್ನು ಹಿಡಿದುಕೊಳ್ಳುತ್ತದೆ, ಮ್ಯಾಪ್ ಮೇಲೆ ಅಡ್ಡಲಾಗಿ ಅಗಲವಾಗಿ ಕಾಣುತ್ತದೆ. ಹಾಡು ಕೆಳಗೆ. ಫೋನ್ ಕರೆ ಬಂದರೂ ಮ್ಯಾಪ್ ಮುಚ್ಚಿಹೋಗುವುದಿಲ್ಲ. ಹೈವೇಯಲ್ಲಿ ಸರಿಯಾಗಿ ಎಕ್ಸಿಟ್ ಬರುವಾಗಲೇ ಅತ್ತೆಯ ಕರೆ ಬರುತ್ತದೆ, ಅದು ಎಲ್ಲರ ಮನೆಯ ಅನುಭವ.

ಇದೇ ಕಂಪನಿ 2007ರಲ್ಲಿ ವಿಎಕ್ಸ್9400 ಅಂತ ಒಂದು ಫೋನ್ ಮಾಡಿತ್ತು, ಅದೂ ಟಿ ಆಕಾರಕ್ಕೆ ತಿರುಗುತ್ತಿತ್ತು. ಅದು ಟಿವಿ ನೋಡಲು ಮಾಡಿದ ಫೋನ್. ಮೀಡಿಯಾಫ್ಲೋ ಅನ್ನುವ ಸೇವೆಯಲ್ಲಿ ಚಾನೆಲ್‌ಗಳು ನೇರ ಫೋನಿಗೆ ಬರುತ್ತಿದ್ದವು. ಆ ಸೇವೆ 2011ರ ಮಾರ್ಚ್‌ನಲ್ಲಿ ನಿಂತಿತು. ನನ್ನ ಆಗಿನ ಸಹೋದ್ಯೋಗಿಯೊಬ್ಬರು ಆಮೇಲೂ ಅದನ್ನು ತಿರುಗಿಸುತ್ತಿದ್ದರು, ಪರದೆಯಲ್ಲಿ ಏನೂ ಬರುತ್ತಿರಲಿಲ್ಲ.

ಸರ್ಕ್ಯೂಟ್ ಸೀನ | 6 ಸೆಪ್ಟೆಂಬರ್ 2021

ಮೋಟೊರೋಲಾ ವಿ70 ಯಾರಿಗಾದರೂ ನೆನಪಿದೆಯಾ ಮೇಡಂ? 2002ರದ್ದು. ದುಂಡು ಪರದೆಯ ಸುತ್ತ ಮುಚ್ಚಳ ತಿರುಗುತ್ತಿತ್ತು. ಕೈಯಲ್ಲಿ ಹಿಡಿದವರೆಲ್ಲ ಒಮ್ಮೆ ತಿರುಗಿಸಿ ನಗುತ್ತಿದ್ದರು. ಕೊಂಡವರು ಕಡಿಮೆ. ತಿರುಗುವ ಫೋನಿನ ಹಣೆಬರಹ ಆವಾಗಿಂದಲೂ ಹೀಗೇ.

ಚೆಂಡೆಮದ್ದಳೆ | 19 ಡಿಸೆಂಬರ್ 2021

ಮಾಸ್ಟ್ರು ಗಿಂಬಲ್ ವಿಷಯ ಬರೆಯಲೇ ಇಲ್ಲ. ಕಾದು ಕಾದು ನಾನೇ ಸೆಕೆಂಡ್ ಹ್ಯಾಂಡ್ ಒಂದು ತಗೊಂಡೆ. ಕುಂದಾಪುರದ ಕಡೆಯವ ನಾನು. ನವೆಂಬರ್‌ನಿಂದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಟಿವೆ. ಆಟವನ್ನು ವಿಡಿಯೊದಲ್ಲಿ ಹಿಡಿಯುವುದು ನನ್ನ ಹುಚ್ಚು. ಹಾಗಾಗಿ ಕ್ಯಾಮೆರಾ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಅಂತ. ನಿಜವಾದ ಗಿಂಬಲ್‌ನಲ್ಲಿ ಮೋಟಾರುಗಳು ಇರುತ್ತವೆ, ಕೈ ಅಲುಗಿದರೆ ಅವು ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುತ್ತವೆ. ಇದರಲ್ಲಿ ಮೋಟಾರು ಇಲ್ಲ. ಹಿಂದೆ ಇರುವ ಮೂರು ಕ್ಯಾಮೆರಾಗಳಲ್ಲಿ ಒಂದು, 12 ಮೆಗಾಪಿಕ್ಸೆಲ್‌ನದು, ಬಹಳ ಅಗಲವಾಗಿ ನೋಡುತ್ತದೆ. ಆ ಅಗಲದ ಚಿತ್ರದ ಒಳಗೆ ಒಂದು ಸಣ್ಣ ಕಿಟಕಿಯನ್ನು ಮಾತ್ರ ರೆಕಾರ್ಡ್ ಮಾಡುತ್ತದೆ. ಕೈ ಎಡಕ್ಕೆ ಅಲುಗಿದರೆ ಕಿಟಕಿ ಬಲಕ್ಕೆ ಸರಿಯುತ್ತದೆ. ಅಲುಗಾಟ ಅಲ್ಲೇ ಸತ್ತುಹೋಗುತ್ತದೆ. ಇಷ್ಟೇ ಗುಟ್ಟು. ಹಾಗಾಗಿ ಪೂರ್ತಿ ಚಿತ್ರ ಸಿಗುವುದಿಲ್ಲ, ವಿಡಿಯೊ ಫುಲ್ ಎಚ್‌ಡಿಗೆ ನಿಲ್ಲುತ್ತದೆ.

ಜಾಣತನ ಇರುವುದು ಬೇರೆ ಕಡೆ. ಆ ಕ್ಯಾಮೆರಾದ ಸೆನ್ಸರನ್ನು ಒಳಗೆ ತೊಂಬತ್ತು ಡಿಗ್ರಿ ತಿರುಗಿಸಿ ಕೂರಿಸಿದ್ದಾರೆ. ಮಾಮೂಲಿ ಫೋನಿನಲ್ಲಿ ಅಡ್ಡ ವಿಡಿಯೊ ಬೇಕಾದರೆ ಫೋನನ್ನೇ ಅಡ್ಡ ಹಿಡಿಯಬೇಕು, ಎರಡು ಕೈ ಬೇಕು. ಇಲ್ಲಿ ಕೆಳಗಿನ ಭಾಗವನ್ನು ಟಾರ್ಚ್ ಹಿಡಿದ ಹಾಗೆ ನೆಟ್ಟಗೆ ಹಿಡಿದರೂ ವಿಡಿಯೊ ಅಡ್ಡಲಾಗಿಯೇ ಬರುತ್ತದೆ. ಕೆಳಗಿನ ಪರದೆಯಲ್ಲಿ ಒಂದು ಜಾಯ್‌ಸ್ಟಿಕ್ ಕಾಣುತ್ತದೆ. ಹೆಬ್ಬೆರಳಲ್ಲಿ ಅದನ್ನು ಜರುಗಿಸಿದರೆ ಕಿಟಕಿ ನಿಧಾನಕ್ಕೆ ಎಡಕ್ಕೋ ಬಲಕ್ಕೋ ಹೋಗುತ್ತದೆ.

ಮೊನ್ನೆ ಒಂದು ಬಯಲಾಟಕ್ಕೆ ಹೋಗಿದ್ದೆ. ಎದುರು ಕುರ್ಚಿ ಸಿಗಲಿಲ್ಲ, ಕಂಬಕ್ಕೆ ಒರಗಿ ನಿಂತೆ. ಒಂದೇ ಕೈಯಲ್ಲಿ ಮುಕ್ಕಾಲು ಗಂಟೆ ಹಿಡಿದೆ, ಇನ್ನೊಂದು ಕೈಯಲ್ಲಿ ಚಾ. ಬಣ್ಣದ ವೇಷ ಒಡ್ಡೋಲಗಕ್ಕೆ, ಅಂದರೆ ರಂಗಪ್ರವೇಶಕ್ಕೆ, ಬರುವಾಗ ಭಾಗವತರಿಂದ ವೇಷದ ಕಡೆಗೆ ಚಿತ್ರವನ್ನು ಸರಿಸಬೇಕಿತ್ತು. ಮೊದಲಾದರೆ ಇಡೀ ಮೈ ತಿರುಗಿಸುತ್ತಿದ್ದೆ, ಪಕ್ಕದವರ ತಲೆ ಬರುತ್ತಿತ್ತು. ಈಗ ಹೆಬ್ಬೆರಳು ಸಾಕಾಯಿತು. ವೇಷ ಸುತ್ತುತ್ತಾ ಹಾರಿ ಧೀಂಗಿಣ ತೆಗೆಯುವಾಗ ಮಾತ್ರ ಅದಕ್ಕೆ ಹಿಂಬಾಲಿಸಲು ಆಗಲ್ಲ, ವೇಷ ಕಿಟಕಿಯಿಂದ ಹೊರಗೆ ಹೋಗಿಬಿಡುತ್ತದೆ.

ಬೆಳಕು ಇರುವ ರಂಗಸ್ಥಳದಲ್ಲಿ ಚೆನ್ನಾಗಿ ಬರುತ್ತದೆ. ಬೆಳಗಿನ ಜಾವ ದೀಪ ಕಡಿಮೆ ಮಾಡಿದಾಗ ಚಿತ್ರದಲ್ಲಿ ಕಾಳು ಕಾಳು ಕಾಣುತ್ತದೆ. ಅಗಲದ ಲೆನ್ಸಿನಿಂದ ಜಾಸ್ತಿ ನಿರೀಕ್ಷೆ ಮಾಡಬಾರದು. ಮುಖ್ಯ 64 ಮೆಗಾಪಿಕ್ಸೆಲ್ ಕ್ಯಾಮೆರಾ ಒಳ್ಳೆಯದೇ, ಆದರೆ ಅದಕ್ಕೆ ಈ ಹಿಡಿತದ ಆಟ ಇಲ್ಲ.

ಗಿರ್ಮಿಟ್ ಭಟ್ರೇ, ನೀವು ಏನೇ ಹೇಳಿ, ಇನ್ನೊಂದು ಫೋನ್ ತೋರಿಸಿ ಒಂದು ಕೈಯಲ್ಲಿ ಇಷ್ಟು ಮಾಡುವುದು.

ಗಿರ್ಮಿಟ್ | 19 ಡಿಸೆಂಬರ್ 2021

ನಾ ಭಟ್ರಲ್ಲ ಬಿಡ್ರಿ. ಒಪ್ಪಿದೆ. ಆಟ ಹಿಡಿಯೋರಿಗೆ ಒಳ್ಳೆ ಫೋನ್. ಆದರೆ ಊರಿಗೆ ಒಬ್ಬರೇ ಇರೋದು ಆಟ ಹಿಡಿಯೋರು. ಫ್ಲ್ಯಾಗ್‌ಶಿಪ್ ಅಂದರೆ ಎಲ್ಲರಿಗೂ ಒಳ್ಳೆಯದಿರಬೇಕಲ್ಲ?

ನಾಲ್ಕನೇ ಬ್ಲಾಕ್ | 20 ಡಿಸೆಂಬರ್ 2021

ಅಲ್ಲೇ ನೋಡಿ ನಮ್ಮಿಬ್ಬರ ಭೇದ. ಎಲ್ಲರಿಗೂ ಒಂದಿಷ್ಟು ಒಳ್ಳೆಯದಿರುವ ಫೋನ್ ಮೂವತ್ತು ಇವೆ, ಎಲ್ಲವೂ ಒಂದೇ ಥರ ಗಾಜಿನ ಹಲಗೆ. ಇದು ನಾಲ್ಕು ಜನರಿಗೆ ಮಾತ್ರ ಒಳ್ಳೆಯದು: ಮೇಷ್ಟ್ರಿಗೆ, ಆಟ ಹಿಡಿಯುವವರಿಗೆ, ಕಾರು ಓಡಿಸುವ ಮೇಡಂಗೆ, ಎಡಗೈಯವರಿಗೆ. ಆ ನಾಲ್ಕು ಜನರಿಗೆ ಮಾತ್ರ ಬೇರೆ ಯಾವುದೂ ಹಿಡಿಸುವುದಿಲ್ಲ. ವ್ಯಾಪಾರಕ್ಕೆ ಇದು ಸಾಲದು, ನಿಜ. 2015ರಿಂದ ಸತತವಾಗಿ 23 ತ್ರೈಮಾಸಿಕ ನಷ್ಟ ಮಾಡಿಕೊಂಡ ಕಂಪನಿ ಅದು, ಒಟ್ಟು ಸುಮಾರು 5 ಲಕ್ಷ ಕೋಟಿ ವಾನ್. ಅವರ ನಷ್ಟಕ್ಕೆ ವಿಂಗ್ ಕಾರಣ ಅಲ್ಲ, ವಿಂಗ್ ಬರುವ ಮೊದಲೇ ಮುಳುಗಿಯಾಗಿತ್ತು. ಮುಳುಗುವಾಗ ಹಾರಲು ನೋಡಿದರು ಅಷ್ಟೇ.

ತಪ್ಪು ಎಲ್ಲಿ ಆಯಿತು ಅಂತ ನನ್ನ ಅಭಿಪ್ರಾಯ ಕೇಳಿದರೆ: ಹಾರ್ಡ್‌ವೇರ್ ಮಾಡುವವರಿಗೆ ಕೆಲಸ ಮುಗಿಯಿತು, ಆ್ಯಪ್ ಮಾಡುವವರಿಗೆ ಕೆಲಸ ಶುರುವೇ ಆಗಲಿಲ್ಲ. ಇಷ್ಟು ಕಡಿಮೆ ಜನರಿಗಾಗಿ ಯಾವ ಆ್ಯಪ್‌ನವರೂ ಎರಡನೇ ಪರದೆಗೆ ಬೇರೆ ಕೋಡ್ ಬರೆಯುವುದಿಲ್ಲ. ಸ್ಯಾಮ್‌ಸಂಗ್‌ನ ಮಡಚುವ ಫೋನಿಗೆ ಈ ಕಷ್ಟ ಇಷ್ಟಿಲ್ಲ, ಬಿಚ್ಚಿದರೆ ಅದು ಒಂದೇ ದೊಡ್ಡ ಪರದೆ, ಟ್ಯಾಬ್ಲೆಟ್‌ಗೆ ಮಾಡಿದ್ದೇ ಅದಕ್ಕೂ ಆಗುತ್ತದೆ. ಆದರೆ ಫೋಲ್ಡ್ 2 ಬಂದಾಗ ಇಲ್ಲಿ ಬೆಲೆ 1,49,999 ಇತ್ತು. ಅದರ ಐದನೇ ಒಂದು ಭಾಗಕ್ಕೆ ಮೇಷ್ಟ್ರು ಎರಡು ಪರದೆ ತಂದಿದ್ದಾರೆ.

ಅಡಿಕೆಪಟ್ಟೆ | 2 ಜುಲೈ 2022

ಬೀಳಿಸಿದೆ.

ಬೇರೆ ಯಾರ ತಪ್ಪೂ ಅಲ್ಲ, ಮಳೆಯಲ್ಲಿ ಛತ್ರಿ, ಬ್ಯಾಗು, ಫೋನು ಮೂರನ್ನೂ ಒಟ್ಟಿಗೆ ಹಿಡಿಯಲು ಹೋದೆ. ಕಾಲೇಜಿನ ಮೆಟ್ಟಿಲ ಮೇಲೆ ಬಿತ್ತು. ಹಿಂದಿನ ಗಾಜು ಜೇಡರ ಬಲೆ ಆಗಿದೆ. ಎರಡೂ ಪರದೆ ಸರಿ ಇವೆ, ತಿರುಗುತ್ತದೆ ಕೂಡ. ಶಿವಮೊಗ್ಗದಲ್ಲಿ ಒಂದು ಅಂಗಡಿಗೆ ತೋರಿಸಿದೆ. ಆ ಹುಡುಗ ಫೋನನ್ನು ಆರು ಸಲ ತಿರುಗಿಸಿ ನೋಡಿದ, ಪಕ್ಕದ ಅಂಗಡಿಯವನನ್ನೂ ಕರೆದು ತೋರಿಸಿದ, ಆಮೇಲೆ ‘ಸಾರ್, ಇದನ್ನು ಬಿಚ್ಚಿದರೆ ನಂಗೆ ಮತ್ತೆ ಕೂಡಿಸೋಕೆ ಬರಲ್ಲ’ ಅಂದ. ಸತ್ಯ ಹೇಳಿದ್ದಕ್ಕೆ ಕೈ ಮುಗಿದು ಬಂದೆ. ಸೀನಣ್ಣ, ನೀವು ಮಾಡುತ್ತೀರಾ?

ಸರ್ಕ್ಯೂಟ್ ಸೀನ | 2 ಜುಲೈ 2022

ಹಿಂದಿನ ಗಾಜು ತಾನೆ? ಪರದೆಗೆ ಏನೂ ಆಗಿಲ್ಲದಿದ್ದರೆ ಬಿಚ್ಚಲೇಬೇಡಿ ಸರ್. ಒಳಗೆ ಪಾರದರ್ಶಕ ಸ್ಟಿಕ್ಕರ್ ಅಂಟಿಸಿ, ಅಂಚಿಗೆ ಸರಿಯಾಗಿ ಕತ್ತರಿಸಿ. ಕ್ಯಾಮೆರಾ ಗಾಜಿನ ಮೇಲೆ ಬರಬಾರದು. ಇನ್ನು ನೀರಿನ ಹತ್ತಿರ ಹೋಗಬೇಡಿ. ಮೊದಲೇ ಅದಕ್ಕೆ ತುಂತುರು ತಡೆಯುವಷ್ಟು ಮಾತ್ರ ರಕ್ಷಣೆ ಇತ್ತು, ಐಪಿ54. ಈಗ ಅದೂ ಇಲ್ಲ ಅಂದುಕೊಳ್ಳಿ. ಸಾಗರದ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಓಡಾಡಿ.

ಅಡಿಕೆಪಟ್ಟೆ | 3 ಜುಲೈ 2022

ಸ್ಟಿಕ್ಕರ್ ಅಂಟಿಸಿದೆ. ‘ಒಳಗೆ’ ಅಂದದ್ದು ಹೊರಗಡೆಗೇ ಅಂತ ಅರ್ಥ ಮಾಡಿಕೊಂಡೆ, ಸರಿ ತಾನೇ?

ಸರ್ಕ್ಯೂಟ್ ಸೀನ | 3 ಜುಲೈ 2022

ಹೊರಗಡೆಗೇ ಸರ್. ಅಂಗಡಿಯಲ್ಲಿ ಮಾತಾಡುತ್ತಾ ಬರೆದೆ, ಕ್ಷಮಿಸಿ.

ನಾಲ್ಕನೇ ಬ್ಲಾಕ್ | 8 ಜೂನ್ 2025

ಹಳೇ ಚರ್ಚೆಯನ್ನು ಎಬ್ಬಿಸುತ್ತಿದ್ದೇನೆ. ವಿಂಗ್ ಇನ್ನೂ ಇಟ್ಟುಕೊಂಡವರಿಗೆ ಒಂದು ಸುದ್ದಿ. ಎಲ್‌ಜಿ ತನ್ನ ಫೋನುಗಳ ಅಪ್‌ಡೇಟ್ ಸರ್ವರ್‌ಗಳನ್ನು ಇದೇ ಜೂನ್ 30ಕ್ಕೆ ಪೂರ್ತಿ ನಿಲ್ಲಿಸುತ್ತಿದೆ. ಆಮೇಲೆ ಹಳೇ ಅಪ್‌ಡೇಟ್ ಕೂಡ ಇಳಿಸಿಕೊಳ್ಳಲು ಆಗಲ್ಲ. ಕಂಪ್ಯೂಟರ್‌ನಿಂದ ಹಾಕುವ ಎಲ್‌ಜಿ ಬ್ರಿಡ್ಜ್ ಕೂಡ ನಿಲ್ಲುತ್ತದೆ. ಬಾಕಿ ಇದ್ದದ್ದನ್ನು ಈಗಲೇ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ನೋಡಿ, ಎರಡು ನಿಮಿಷದ ಕೆಲಸ.

ಮತ್ತೆ, ಅದರಲ್ಲಿ ಇನ್ನೂ ಯುಪಿಐ, ಬ್ಯಾಂಕ್ ಆ್ಯಪ್ ಬಳಸುತ್ತಿದ್ದರೆ ದಯವಿಟ್ಟು ಬೇರೆ ಫೋನಿಗೆ ಸಾಗಿಸಿ. ಭದ್ರತೆಯ ತೇಪೆ ಬರದ ಫೋನಿನಲ್ಲಿ ದುಡ್ಡು ಇಡಬೇಡಿ.

ಡಲ್ಲಾಸ್ ದೋಸೆ | 9 ಜೂನ್ 2025

ಹೇಳಿದ್ದಕ್ಕೆ ಥ್ಯಾಂಕ್ಸ್. ನಮ್ಮದು ಈಗಲೂ ಕಾರಿನಲ್ಲೇ ಇದೆ, ಸಿಮ್ ಇಲ್ಲ. ನನ್ನ ಇನ್ನೊಂದು ಫೋನಿನ ಹಾಟ್‌ಸ್ಪಾಟ್‌ನಿಂದ ಮ್ಯಾಪ್ ನಡೆಯುತ್ತದೆ. ಟೆಕ್ಸಸ್ ಬಿಸಿಲಿಗೆ ಕಾರಿನಲ್ಲಿ ಬಿಟ್ಟು ಹೋಗುವುದಿಲ್ಲ, ಪರ್ಸಿನಲ್ಲಿ ಹಾಕಿಕೊಂಡು ಇಳಿಯುತ್ತೇನೆ. ಭುಜ ನೋಯುತ್ತದೆ.

ಚೆಂಡೆಮದ್ದಳೆ | 9 ಜೂನ್ 2025

ನನ್ನದರಲ್ಲಿ ದುಡ್ಡೂ ಇಲ್ಲ, ಸಿಮ್ಮೂ ಇಲ್ಲ. ಮೆಮೊರಿ ಕಾರ್ಡ್ ತುಂಬಾ ಆಟ. ತಿರುಗಾಟ ಮುಗಿಸುವ ಪತ್ತನಾಜೆಯ ದಿನ ಕಳೆದು ಮೇಳಗಳು ಗೆಜ್ಜೆ ಬಿಚ್ಚಿವೆ, ಇನ್ನು ನವೆಂಬರ್‌ವರೆಗೆ ಇದಕ್ಕೂ ರಜೆ. ಬ್ಯಾಟರಿ ಪೂರ್ತಿ ಖಾಲಿ ಮಾಡಿ ಇಡಬಾರದಂತೆ, ಅರ್ಧ ಚಾರ್ಜ್ ಮಾಡಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಗಿರ್ಮಿಟ್ | 9 ಜೂನ್ 2025

ಎಡಚ ಎಲ್ಲಿ ಹೋದ್ರು?

ಎಡಚ | 9 ಜೂನ್ 2025

ಇಲ್ಲೇ ಇದ್ದೇನೆ. ನನ್ನದನ್ನು ಕಳೆದ ವರ್ಷ ತಂಗಿಗೆ ಕೊಟ್ಟೆ. ಅವಳು ಬಲಗೈಯವಳು, ತಿರುಗಿಸುವುದೇ ಇಲ್ಲ. ಸಂಕಟ ಆಗುತ್ತದೆ.

ಸರ್ಕ್ಯೂಟ್ ಸೀನ | 10 ಜೂನ್ 2025

ಯಾರದ್ದಾದರೂ ಸತ್ತರೆ ಎಸೆಯಬೇಡಿ, ನನಗೆ ಒಂದು ಮಾತು ಹೇಳಿ. ಈ ವರ್ಷ ಮೂರು ಜನ ಕೇಳಿಕೊಂಡು ಬಂದರು, ಮೇಲಿನ ಪರದೆ ಬೇಕು ಅಂತ. ನಾನು ಇವತ್ತಿಗೂ ಒಂದನ್ನೂ ಬಿಚ್ಚಿಲ್ಲ. ಒಂದಾದರೂ ಬಿಚ್ಚಿ ಆ ಡ್ಯಾಂಪರ್ ನೋಡಬೇಕು ಅಂತ ನಾಲ್ಕು ವರ್ಷದಿಂದ ಆಸೆ. ಮೇಷ್ಟ್ರೇ, ನಿಮ್ಮದು ಹೇಗಿದೆ?

ಅಡಿಕೆಪಟ್ಟೆ | 10 ಜೂನ್ 2025

ಸ್ಟಿಕ್ಕರ್ ಮೂರನೆಯದು. ಬ್ಯಾಟರಿ ಅರ್ಧ ದಿನ ಬರುತ್ತದೆ. ಪಾಠ ಎಲ್ಲ ತರಗತಿಗೆ ವಾಪಸ್ ಹೋಗಿದೆ, ಫೋನಿನಲ್ಲಿ ಮಾಡುವ ಕೆಲಸ ಏನೂ ಇಲ್ಲ. ಈಗ ಅದು ಅಡುಗೆಮನೆಯ ಕಟ್ಟೆಯ ಮೇಲಿದೆ. ಮೇಲೆ ಮಗಳ ವಿಡಿಯೊ ಕರೆ, ಅವಳು ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ಕೆಳಗೆ ಹೆಂಡತಿಯ ಯಾವುದೋ ಅಡುಗೆ ಪಟ್ಟಿ. ಚಪಲ ಅಂದವಳೇ ದಿನಾ ಮೂರು ಸಲ ತಿರುಗಿಸುತ್ತಾಳೆ. ಸೀನಣ್ಣ, ನಿಮಗೆ ಸದ್ಯಕ್ಕೆ ಸಿಗಲ್ಲ.